ಹೊಸ ಮನೆ, ಹದಿನಾಲ್ಕು ಖಾಲಿ ಡಬ್ಬಿ: ಯಾವ ಉಪ್ಪು, ಯಾವ ಮಸಾಲೆ, ಎಷ್ಟೆಷ್ಟು ತರೋದು?

ಮೂರನೇ ಮಹಡಿ:
ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಎರಡು ತಿಂಗಳು. ಬೆಂಗಳೂರಲ್ಲಿ ಬಾಡಿಗೆ ಮನೆ ಮಾಡಿದ್ದೇವೆ. ಇಷ್ಟು ವರ್ಷ ಪಿಜಿ ಊಟ ತಿಂದವಳಿಗೆ ಈಗ ಸ್ವಂತ ಅಡುಗೆಮನೆ. ಅತ್ತೆ ಹದಿನಾಲ್ಕು ಸ್ಟೀಲ್ ಡಬ್ಬಿ ಕೊಟ್ಟು ಹೋಗಿದ್ದಾರೆ. ಎಲ್ಲವೂ ಖಾಲಿ.

ನಿನ್ನೆ ಅಂಗಡಿಗೆ ಹೋದರೆ ಉಪ್ಪೇ ಆರು ಥರ. ಮಾಮೂಲಿ ಪುಡಿಯುಪ್ಪು, ಕಲ್ಲುಪ್ಪು, ಸಮುದ್ರದ ಉಪ್ಪು, ಪಿಂಕ್ ಉಪ್ಪು, ಕಪ್ಪುಪ್ಪು, ಕಡಿಮೆ ಸೋಡಿಯಂ ಉಪ್ಪು. ತಲೆ ಕೆಟ್ಟು ಏನೂ ತರದೆ ಬಂದೆ. ರಾತ್ರಿ ಪಕ್ಕದ ಮನೆ ಆಂಟಿ ಹತ್ತಿರ ಒಂದು ಲೋಟ ಉಪ್ಪು ಕೇಳಿದೆ. ದೀಪ ಹಚ್ಚಿದ ಮೇಲೆ ಉಪ್ಪು ಕೊಡಬಾರದಮ್ಮ ಅಂತ ಗೊಣಗುತ್ತಲೇ ಕೊಟ್ಟರು.

ನನಗೆ ಬೇಕಾದದ್ದು ಇಷ್ಟು: ಆದಷ್ಟು ನೈಸರ್ಗಿಕವಾದದ್ದು, ಕಲಬೆರಕೆ ಇಲ್ಲದ್ದು, ಇಬ್ಬರಿಗೆ ಸಾಕಾಗುವಷ್ಟು. ನಾನು ಧಾರವಾಡದವಳು, ನಮ್ಮನೆಯವರು ಹಾಸನದ ಕಡೆಯವರು. ಹವೀಜ ತನ್ನಿ ಅಂದರೆ ಅವರಿಗೆ ತಿಳಿಯಲಿಲ್ಲ. ಕೊತ್ತಂಬರಿ ಬೀಜ ಅಂತ ಬಿಡಿಸಿ ಹೇಳಬೇಕಾಯಿತು. ಹಾಗಾಗಿ ಎರಡೂ ಕಡೆಯವರು ಸಲಹೆ ಕೊಡಿ.

ಒಗ್ಗರಣೆ ಡಬ್ಬಿ:
ಮೊದಲನೇ ಮಾತು. ಹದಿನಾಲ್ಕು ಡಬ್ಬಿ ಇದೆ ಅಂತ ಹದಿನಾಲ್ಕನ್ನೂ ತುಂಬಿಸಬೇಡಿ. ಇಪ್ಪತ್ತೆರಡು ವರ್ಷದ ಹಿಂದೆ ನಾನು ಮಾಡಿದ ತಪ್ಪು ಅದು. ಎಲ್ಲವನ್ನೂ ಅರ್ಧರ್ಧ ಕೆಜಿ ತಂದೆ. ಆರು ತಿಂಗಳಲ್ಲಿ ಧನಿಯಾಕ್ಕೆ ಹುಳ ಬಿತ್ತು. ಗರಂ ಮಸಾಲೆ ಮರದ ಹೊಟ್ಟಿನ ಹಾಗೆ ಆಯಿತು. ಲವಂಗ ಮಾತ್ರ ಮೂರು ವರ್ಷ ಬಂತು, ಅದೂ ಪಾಯಸಕ್ಕೊಂದು ಪಲಾವಿಗೆರಡು ಅಂತ ಹಾಕಿ ಹಾಕಿ.

ಇಬ್ಬರ ಮನೆಗೆ ಸಾಸಿವೆ 100 ಗ್ರಾಂ, ಜೀರಿಗೆ 100, ಮೆಂತೆ 50, ಕಾಳುಮೆಣಸು 50, ಧನಿಯಾ ಕಾಲು ಕೆಜಿ, ಒಣಮೆಣಸಿನಕಾಯಿ ಕಾಲು ಕೆಜಿ, ಅರಿಶಿನ 100. ಚಕ್ಕೆ, ಲವಂಗ, ಏಲಕ್ಕಿ ಹತ್ತಿಪ್ಪತ್ತು ಗ್ರಾಂ ಸಾಕು. ಒಂದು ಸಣ್ಣ ಡಬ್ಬಿ ಇಂಗು. ಇದರ ಮೇಲೆ ಎರಡು ತಿಂಗಳು ಅಡುಗೆ ಮಾಡಿ. ಆಗ ಯಾವುದು ಬೇಗ ಖಾಲಿಯಾಗುತ್ತೆ ಅಂತ ನಿಮಗೇ ಗೊತ್ತಾಗುತ್ತೆ. ಅದನ್ನು ಮಾತ್ರ ಜಾಸ್ತಿ ತನ್ನಿ.

ಅರಿಶಿನ ಬಿಟ್ಟು ಮಿಕ್ಕ ಎಲ್ಲವನ್ನೂ ಇಡಿಯಾಗಿಯೇ ತನ್ನಿ. ಪುಡಿ ಮನೆಯಲ್ಲಿ. ಹದಿನೈದು ದಿನಕ್ಕಾಗುವಷ್ಟು ಹುರಿದು ಮಿಕ್ಸಿಗೆ ಹಾಕಿದರೆ ಅರ್ಧ ಗಂಟೆ ಕೆಲಸ, ಅಷ್ಟೇ.

ಗೋಕರ್ಣದ ಗಾಳಿ:
ಉಪ್ಪಿನ ವಿಷಯ ನನಗೆ ಬಿಡಿ.

ನಮ್ಮ ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ ಇದೆ. ಗೋಕರ್ಣಕ್ಕೆ ಬಂದವರು ಹಾದಿಯಲ್ಲಿ ನೋಡಿರುತ್ತೀರಿ, ಗದ್ದೆಯ ಹಾಗೆ ಚೌಕ ಚೌಕ. ಅಘನಾಶಿನಿ ಸಮುದ್ರ ಸೇರುವ ಕಡೆಯ ಉಪ್ಪುನೀರನ್ನು ಭರತದ ಹೊತ್ತಿಗೆ ಒಳಗೆ ಬಿಟ್ಟುಕೊಳ್ಳುತ್ತಾರೆ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಬತ್ತಿಸುತ್ತಾರೆ. ನೀರು ದಪ್ಪಗಾಗಿ ಹರಳು ಕಟ್ಟಿದ ಮೇಲೆ ಉದ್ದ ಕೋಲಿನ ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಬೇಸಿಗೆಯಲ್ಲಿ ಮಾತ್ರ ಈ ಕೆಲಸ. ಮೊದಲ ಮಳೆ ಬಿದ್ದರೆ ಮುಗಿಯಿತು. ಆ ಮಳೆ ವಾರ ಮೊದಲೇ ಬಂದರೆ ಆ ವರ್ಷದ ಲೆಕ್ಕವೇ ತಪ್ಪುತ್ತದೆ.

ಆ ಉಪ್ಪು ಬೆಳ್ಳಗಿರುವುದಿಲ್ಲ. ತಳದ ಜೇಡಿಯಿಂದ ಸ್ವಲ್ಪ ಕಂದು ಬಣ್ಣ. ಪೇಟೆಯವರು ಕೊಳೆ ಅಂತಾರೆ. ನಮ್ಮಲ್ಲಿ ಮಾವಿನಮಿಡಿಗೆ ಇದೇ ಆಗಬೇಕು. ನೀರಿಗೆ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ, ಆ ಉಪ್ಪುನೀರಿಗೆ ಮಿಡಿ ಹಾಕುತ್ತೇವೆ. ಸೋಸಿದ ಬಟ್ಟೆ ಮೇಲೆ ಉಳಿಯುವ ಮಣ್ಣು ನೋಡಿ ಬೆಚ್ಚಿ ಬೀಳಬೇಡಿ, ಅದಕ್ಕೇ ಸೋಸೋದು.

ಪಕ್ಕದ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಹಾಗಾಗಿ ನಮಗೆ ಉಪ್ಪಿನ ಮೇಲೆ ಸ್ವಲ್ಪ ಅಭಿಮಾನ ಜಾಸ್ತಿ, ಕ್ಷಮಿಸಿ.

ದೇಸಿ ಬದುಕು:
ಪುಡಿಯುಪ್ಪು ಮನೆಗೆ ತರಲೇಬೇಡಿ. ಅದು ಫ್ಯಾಕ್ಟರಿ ವಿಷ. ಪಿಂಕ್ ಉಪ್ಪಿನಲ್ಲಿ 84 ಖನಿಜಗಳಿವೆ. ಬಿಪಿ ಬರುವುದಿಲ್ಲ. ನಾವು ಮೂರು ವರ್ಷದಿಂದ ಅದನ್ನೇ ಬಳಸುತ್ತಿದ್ದೇವೆ.

ಲ್ಯಾಬ್ ಕೋಟು:
@ದೇಸಿ ಬದುಕು, ಸರ್, ಜಗಳಕ್ಕಲ್ಲ. ಪಿಂಕ್ ಉಪ್ಪಿನಲ್ಲೂ ಹೆಚ್ಚುಕಮ್ಮಿ ಎಲ್ಲವೂ ಸೋಡಿಯಂ ಕ್ಲೋರೈಡೇ. ಬಣ್ಣ ಬರೋದು ಕಬ್ಬಿಣದ ಅಂಶದಿಂದ. ಮಿಕ್ಕ ಖನಿಜಗಳು ಇರಬಹುದು, ಆದರೆ ದಿನಕ್ಕೆ ನಾವು ತಿನ್ನುವ ಒಂದು ಚಮಚದಲ್ಲಿ ಅವು ಲೆಕ್ಕಕ್ಕೇ ಬರುವಷ್ಟಿರುವುದಿಲ್ಲ. ಒಂದು ಹಿಡಿ ಸೊಪ್ಪು, ಒಂದು ಹಿಡಿ ಹೆಸರುಕಾಳು ತಿಂದರೆ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ಬಿಪಿಗೆ ಬೇಕಾದದ್ದು ಸೋಡಿಯಂ ಎಷ್ಟು ಅನ್ನುವ ಲೆಕ್ಕ. ಉಪ್ಪಿನ ಬಣ್ಣ ಅದಕ್ಕೆ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ. ಅಂದರೆ ಒಂದು ಟೀ ಚಮಚ. ಅದರಲ್ಲೇ ಉಪ್ಪಿನಕಾಯಿ, ಹಪ್ಪಳ, ಬ್ರೆಡ್, ಚಿಪ್ಸ್ ಎಲ್ಲ ಸೇರಬೇಕು.

ಹಿಮಾಲಯ ಅಂತ ಪ್ಯಾಕೆಟ್ ಮೇಲೆ ಬರೆದಿರುವ ಆ ಉಪ್ಪು ಬಹುಪಾಲು ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯದ್ದು. ನಮ್ಮ ಹಿರಿಯರು ಸೈಂಧವ ಲವಣ, ಇಂದುಪ್ಪು ಅಂತಿದ್ದದ್ದೂ ಈ ಜಾತಿಯ ಗಣಿ ಉಪ್ಪನ್ನೇ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದಿಂದ ಬರುವ ಎಲ್ಲ ಸರಕನ್ನೂ ನಮ್ಮ ಸರ್ಕಾರ ನಿಲ್ಲಿಸಿತು. ಹಾಗಾಗಿ ಈಗ ಪಿಂಕ್ ಉಪ್ಪು ಕೊಳ್ಳುವಾಗ ಎಲ್ಲಿಂದ ಬಂದದ್ದು ಅಂತ ಸ್ವಲ್ಪ ಓದಿ ನೋಡಿ.

ಈಗ ಮುಖ್ಯ ವಿಷಯ. ಅಯೋಡಿನ್. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು, ಬಸುರಿಗೆ 250. ಕಡಿಮೆಯಾದರೆ ಗಳಗಂಡ (ಕುತ್ತಿಗೆ ಊದಿಕೊಳ್ಳೋದು) ಮಾತ್ರ ಅಲ್ಲ, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆಗೂ ತೊಂದರೆ. ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇರೋದು ತೀರಾ ಕಡಿಮೆ. ಕರಾವಳಿಯವರಿಗೂ ಕೊರತೆ ಬರುತ್ತದೆ. ಅದಕ್ಕೇ 1962ರಿಂದ ದೇಶದಲ್ಲಿ ಗಳಗಂಡ ತಡೆಯುವ ಕಾರ್ಯಕ್ರಮ ಇದೆ. ಊಟಕ್ಕೆಂದು ಮಾರುವ ಉಪ್ಪಿಗೆ ಅಯೋಡಿನ್ ಇರಲೇಬೇಕು ಅನ್ನುವ ನಿಯಮವೂ ಇದೆ. ನಮ್ಮ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಕನಿಷ್ಠ 15 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 15 ಪಾಲು, ಉಳಿದಿರಬೇಕು.

ಹೊಸದಾಗಿ ಮದುವೆಯಾದವರು ಅಂದಿರಿ. ಅದಕ್ಕೇ ಇಷ್ಟು ಉದ್ದ ಬರೆದೆ. ದಿನದ ಅಡುಗೆಗೆ ಅಯೋಡಿನ್ ಇರುವ ಉಪ್ಪನ್ನೇ ಇಟ್ಟುಕೊಳ್ಳಿ. ಪುಡಿ ಬೇಡ ಅಂದರೆ ಅಯೋಡಿನ್ ಹಾಕಿದ ಕಲ್ಲುಪ್ಪೂ ಸಿಗುತ್ತದೆ.

ಗೋಕರ್ಣದ ಗಾಳಿ:
ಒಪ್ಪಿದೆ ಡಾಕ್ಟ್ರೇ. ನಮ್ಮ ಮನೆಯಲ್ಲೂ ಈಗ ಎರಡು ಭರಣಿ. ಸಾರಿಗೆ ಅಂಗಡಿ ಉಪ್ಪು, ಉಪ್ಪಿನಕಾಯಿಗೆ, ಮೀನಿಗೆ ಆಗರದ ಉಪ್ಪು. ಅಜ್ಜಿ ಇದ್ದಿದ್ದರೆ ನನ್ನನ್ನು ಮನೆ ಬಿಡಿಸುತ್ತಿದ್ದಳು.

ಲ್ಯಾಬ್ ಕೋಟು:
ನಾನು ಡಾಕ್ಟ್ರಲ್ಲ, ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ನಿಮ್ಮ ಎರಡು ಭರಣಿ ಪದ್ಧತಿ ಚೆನ್ನಾಗಿದೆ. ಪುಡಿಯುಪ್ಪು ಗಟ್ಟಿಯಾಗದಿರಲಿ ಅಂತ ಹಾಕುವ ಪುಡಿಯಿಂದ ಉಪ್ಪಿನಕಾಯಿ ನೀರು ಮಸುಕಾಗುತ್ತದೆ. ಹಾಗಾಗಿ ಅಲ್ಲಿಗೆ ಕಲ್ಲುಪ್ಪೇ ಸರಿ.

ಇನ್ನೊಂದು, ಕಡಿಮೆ ಸೋಡಿಯಂ ಉಪ್ಪು. ಅದರಲ್ಲಿ ಸ್ವಲ್ಪ ಭಾಗ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಬಿಪಿಗೆ ಕೆಲವು ಬಗೆಯ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು. ಊರಿಂದ ಅತ್ತೆ ಮಾವ ಬಂದಾಗ ನೆನಪಿರಲಿ.

ಒಗ್ಗರಣೆ ಡಬ್ಬಿ:
ಮಗಳೇ, ಅಳತೆ ಒಂದು ಹೇಳಿಬಿಡ್ತೇನೆ. ಒಂದು ಚಮಚ ಪುಡಿಯುಪ್ಪೂ ಒಂದು ಚಮಚ ಕಲ್ಲುಪ್ಪೂ ಒಂದೇ ಅಲ್ಲ. ಹರಳಿನ ನಡುವೆ ಸಂದು ಇರುತ್ತೆ, ತೂಕ ಕಡಿಮೆ. ಕಲ್ಲುಪ್ಪಿನಿಂದ ಪುಡಿಗೆ ಬದಲಾಯಿಸಿದ ಮೊದಲ ದಿನ ನಮ್ಮನೆ ಹುಳಿಯನ್ನು ಯಾರೂ ಬಾಯಿಗಿಡಲು ಆಗಲಿಲ್ಲ.

ಉಪ್ಪನ್ನು ಸ್ಟೀಲ್ ಡಬ್ಬಿಗೆ ಹಾಕಲೇಬೇಡಿ. ಮಳೆಗಾಲ ಮುಗಿಯುವಷ್ಟರಲ್ಲಿ ತಳ ಚುಕ್ಕೆ ಚುಕ್ಕೆ ತುಕ್ಕು. ಪಿಂಗಾಣಿ ಭರಣಿ, ಇಲ್ಲ ಗಾಜು. ಹಾಗಾಗಿ ಹದಿನಾಲ್ಕರಲ್ಲಿ ಒಂದು ಡಬ್ಬಿಯ ಚಿಂತೆ ಹೋಯಿತು.

ಹಾವೇರಿ ಹೈದ:
ಧಾರವಾಡದ ತಂಗಿ ಅಂತ ಗೊತ್ತಾದ ಮೇಲೆ ಬಾರದೆ ಇರಲು ಆಗಲಿಲ್ಲ. ಮೆಣಸಿನಕಾಯಿ ಬಗ್ಗೆ ನಾನು ಹೇಳ್ತೇನೆ.

ಬ್ಯಾಡಗಿ ಅಂತ ಬೋರ್ಡ್ ಹಾಕಿದ್ದೆಲ್ಲ ಬ್ಯಾಡಗಿ ಅಲ್ಲ. 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಸರ್ಕಾರಿ ಗುರುತು, ಸಿಕ್ಕಿದ ಮೇಲೂ ಅದೇ ಕಥೆ. ಅದರ ಹಾಗೇ ಕಾಣುವ ಹೈಬ್ರಿಡ್ ಕಾಯಿ ಬಂದಿದೆ. ಎಕರೆಗೆ ಇಳುವರಿ ಜಾಸ್ತಿ, ರೈತ ಬೆಳೆಯುತ್ತಾನೆ, ಅವನದೇನೂ ತಪ್ಪಿಲ್ಲ. ಆದರೆ ಅಂಗಡಿಯಲ್ಲಿ ಎರಡೂ ಒಂದೇ ಚೀಲಕ್ಕೆ ಬೀಳುತ್ತವೆ. ನಿಜವಾದ ಬ್ಯಾಡಗಿ ಮೈತುಂಬ ಸುಕ್ಕು, ಗಾಢ ಕೆಂಪು. ಖಾರ ಕಡಿಮೆ, ಬಣ್ಣ ಜಾಸ್ತಿ. ಮುರಿದು ಮೂಸಿದರೆ ಒಂದು ಸಿಹಿ ವಾಸನೆ. ಹೈಬ್ರಿಡ್ಡಿಗೆ ಆ ವಾಸನೆ ಇರುವುದಿಲ್ಲ. ಇದರಲ್ಲೇ ಎರಡು ಬಗೆ. ಗಿಡ್ಡ, ದಪ್ಪ, ಬೀಜ ಜಾಸ್ತಿ ಇರೋದು ಡಬ್ಬಿ. ಉದ್ದ, ತೆಳ್ಳಗೆ ಇರೋದು ಕಡ್ಡಿ. ಸಾರಿನ ಪುಡಿಗೆ ಡಬ್ಬಿ ಸಿಕ್ಕರೆ ಬಿಡಬೇಡಿ.

ಬರೀ ಬ್ಯಾಡಗಿ ಹಾಕಿದರೆ ನಮ್ಮ ಕಡೆಯವರಿಗೆ ಸಪ್ಪೆ. ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಸೇರಿಸಿ. ಬಣ್ಣ ಇದರದ್ದು, ಖಾರ ಅದರದ್ದು.

ಕೊಳ್ಳುವ ಕಾಲ ಜನವರಿಯಿಂದ ಮಾರ್ಚ್. ಆಗ ಹೊಸ ಕಾಯಿ ಬರುತ್ತದೆ. ಆಮೇಲೆ ಸಿಗೋದು ಬಹುಪಾಲು ಕೋಲ್ಡ್ ಸ್ಟೋರೇಜಿನ ಮಾಲು. ಅದೂ ಕೆಟ್ಟದ್ದೇನಲ್ಲ, ಆದರೆ ಹೊರಗೆ ತಂದು ಬಹಳ ದಿನ ಇಟ್ಟರೆ ಬಣ್ಣ ಹೋಗುತ್ತದೆ. ತೊಟ್ಟು ಸಮೇತ ತನ್ನಿ, ತೊಟ್ಟು ಸಮೇತ ಇಡಿ. ತೊಟ್ಟು ಹೋದರೆ ಹುಳಕ್ಕೆ ಬಾಗಿಲು ತೆರೆದ ಹಾಗೆ. ಪುಡಿ ಮಾಡುವ ದಿನ ಮುರಿಯಿರಿ. ಒಳಗೆ ಬೂದು ಬೂಷ್ಟು ಕಂಡ ಕಾಯಿಯನ್ನು ತೊಳೆದು ಒಣಗಿಸುವ ಉಳಿತಾಯ ಮಾಡಬೇಡಿ, ಎಸೆಯಿರಿ.

ಹಾಸನದ ಭಾವನವರಿಗೆ ಒಮ್ಮೆ ಮಸಾಲೆ ಖಾರ ಮಾಡಿ ತಿನ್ನಿಸಿ. ಒಣಕೊಬ್ಬರಿ, ಬಳ್ಳೊಳ್ಳಿ, ಈರುಳ್ಳಿ ಎಲ್ಲ ಹುರಿದು ಖಾರಕ್ಕೆ ಸೇರಿಸಿ ಕುಟ್ಟಿದ್ದು. ಆಮೇಲೆ ಯಾರ ಊರಿನ ಸಾರಿನ ಪುಡಿ ಅನ್ನುವ ಜಗಳ ಇರುವುದಿಲ್ಲ.

ಮೂರನೇ ಮಹಡಿ:
@ಹಾವೇರಿ ಹೈದ, ಅಣ್ಣ, ಮಸಾಲೆ ಖಾರದ ಹೆಸರು ಕೇಳಿಯೇ ಕಣ್ಣಲ್ಲಿ ನೀರು ಬಂತು. ಖಾರಕ್ಕಲ್ಲ! ಗುರೆಳ್ಳು ಚಟ್ನಿಪುಡಿ ಕೂಡ ಮಾಡಬೇಕು. ಇವರು ಅದನ್ನು ಹುಚ್ಚೆಳ್ಳು ಅಂತಾರೆ. ಒಂದೇ ಕಾಳು ಅಂತ ಗೊತ್ತಾಗಲು ಅರ್ಧ ಗಂಟೆ ಹಿಡಿಯಿತು.

ತೋಟದ ಮನೆ:
ಶಿರಸಿ ಕಡೆಯವ. ಕಾಳುಮೆಣಸು ನಮ್ಮ ಅಡಿಕೆ ಮರಕ್ಕೆ ಹಬ್ಬುವ ಬಳ್ಳಿ. ಡಿಸೆಂಬರ್ ಹೊತ್ತಿಗೆ ಕೊಯ್ಲು ಶುರು. ಹಸಿರು ಗೊನೆಯಲ್ಲಿ ಒಂದೆರಡು ಕಾಳು ಹಣ್ಣಾಗಿ ಕೆಂಪಾದರೆ ಕೊಯ್ಯಬಹುದು ಅಂತ ಲೆಕ್ಕ. ಬಿಸಿಲಿಗೆ ಹಾಕಿದರೆ ಕಪ್ಪಾಗುತ್ತದೆ. ಪೂರ್ತಿ ಹಣ್ಣಾದದ್ದನ್ನು ನೀರಲ್ಲಿ ನೆನೆಸಿ, ಸಿಪ್ಪೆ ತೆಗೆದು ಒಣಗಿಸಿದರೆ ಬೋಳಕಾಳು, ಅಂಗಡಿಯವರ ಬಿಳಿಮೆಣಸು. ಬಳ್ಳಿ ಒಂದೇ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಹೆಸರಿಟ್ಟದ್ದು ಸುಮ್ನೆ ಅಲ್ಲ.

ಒಳ್ಳೆ ಮೆಣಸು ಕೈಗೆ ಭಾರ ಅನ್ನಿಸಬೇಕು. ಪರಂಗಿ ಬೀಜ ಬೆರೆಸುತ್ತಾರೆ ಅಂತ ಭಯ ಇದ್ದರೆ ಒಂದು ಹಿಡಿ ನೀರಿಗೆ ಹಾಕಿ. ಪರಂಗಿ ಬೀಜ ತೇಲುತ್ತದೆ, ಗಟ್ಟಿ ಮೆಣಸು ಮುಳುಗುತ್ತದೆ. ಆದರೆ ತೇಲಿದ್ದೆಲ್ಲ ಪರಂಗಿ ಅಂತ ಅಂಗಡಿಯವನ ಮೇಲೆ ಹೋಗಬೇಡಿ. ಜೊಳ್ಳು ಮೆಣಸೂ ತೇಲುತ್ತದೆ. ಎತ್ತಿ ಜಗಿದು ನೋಡಿ, ನಾಲಗೆ ಹೇಳುತ್ತದೆ.

ದಾಲ್ಚಿನ್ನಿ ಹೇಳಿ ಮುಗಿಸುತ್ತೇನೆ. ಅಂಗಡಿಯಲ್ಲಿ ಚಕ್ಕೆ ಅಂತ ಸಿಗುವ ದಪ್ಪ, ಗಟ್ಟಿ, ಮರದ ತೊಗಟೆಯ ಥರದ್ದು ಕ್ಯಾಸಿಯಾ. ನಿಜವಾದ ದಾಲ್ಚಿನ್ನಿ ಕಾಗದದಷ್ಟು ತೆಳ್ಳಗೆ, ಸುರುಳಿ ಒಳಗೆ ಸುರುಳಿ, ಬೆರಳಲ್ಲೇ ಪುಡಿಯಾಗುತ್ತದೆ. ವಾರಕ್ಕೊಮ್ಮೆ ಪಲಾವಿಗೆ ಯಾವುದಾದರೂ ಸರಿ. ಆದರೆ ತೂಕ ಇಳಿಸಲು ದಿನಾ ಬೆಳಿಗ್ಗೆ ಚಮಚಗಟ್ಟಲೆ ಚಕ್ಕೆಪುಡಿ ಕುಡಿಯುವವರು ಕ್ಯಾಸಿಯಾ ಬಿಡೋದು ಒಳ್ಳೆಯದು. ಅದರಲ್ಲಿ ಕೂಮರಿನ್ ಅನ್ನುವ ಅಂಶ ಜಾಸ್ತಿ, ಯಕೃತ್ತಿಗೆ ಆಗಿಬರುವುದಿಲ್ಲ.

ಕಾಫಿ ಕಣಿವೆ:
ಇಷ್ಟೆಲ್ಲ ಮಾತಾಡಿದಿರಿ, ಒಬ್ಬರೂ ಕಾಚಂಪುಳಿ ಅನ್ನಲಿಲ್ಲವಲ್ಲ! ಒಂದು ಸಣ್ಣ ಸೀಸೆ ತಂದಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಕಪ್ಪಗೆ, ಕಾಕಂಬಿ ಥರ. ಹಂದಿ ಕರಿಗೆ ಅರ್ಧ ಚಮಚ, ಮೀನಿಗೆ ನಾಲ್ಕು ಹನಿ. ನಿಮ್ಮ ಹುಣಸೆಹಣ್ಣು ನಮ್ಮ ಕೊಡಗಿನ ಹುಳಿಯ ಮುಂದೆ ಮಗು.

ತೋಟದ ಮನೆ:
ನಿಮ್ಮ ಕಾಚಂಪುಳಿ ಮರವೇ ನಮ್ಮ ಉಪ್ಪಾಗೆ. ನೀವು ಹಣ್ಣಿನ ರಸ ಬತ್ತಿಸುತ್ತೀರಿ, ನಾವು ಸಿಪ್ಪೆ ಒಣಗಿಸುತ್ತೇವೆ, ಬೀಜದಿಂದ ತುಪ್ಪ ತೆಗೆಯುತ್ತೇವೆ. ಅದರ ತಂಗಿ ಮುರುಗಲು, ದಕ್ಷಿಣ ಕನ್ನಡದವರ ಪುನರ್ಪುಳಿ. ಒಣ ಸಿಪ್ಪೆ 50 ಗ್ರಾಂ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ನೆನೆಸಿ, ಬೆಲ್ಲ, ಒಂದು ಚಿಟಿಕೆ ಉಪ್ಪು ಹಾಕಿ ಕುಡಿದರೆ ಫ್ರಿಜ್ ಬಾಟಲಿ ನೆನಪಾಗುವುದಿಲ್ಲ.

ಮರಳುಗಾಡಿನ ಕನ್ನಡಿಗ:
ಇದನ್ನು ಓದುವ ಹೊರದೇಶದವರಿಗೆ ಒಂದು ಮಾತು. ಊರಿಂದ ಬರುವಾಗ ಅಮ್ಮ ಕಟ್ಟಿಕೊಡುವ ಡಬ್ಬಿಗಳಲ್ಲಿ ಗಸಗಸೆ ಇದೆಯಾ ಅಂತ ನೋಡಿಕೊಳ್ಳಿ. ಯುಎಇ, ಸೌದಿಯಲ್ಲಿ ಅದು ನಿಷಿದ್ಧ ವಸ್ತು. ಪಾಯಸಕ್ಕೆ ಅಂದರೆ ಕೇಳುವವರಿಲ್ಲ. ನಾನು ಪ್ರತಿ ಸಲ ಬ್ಯಾಗನ್ನು ಅಮ್ಮನ ಮುಂದೆಯೇ ಬಿಚ್ಚಿ ನೋಡ್ತೇನೆ, ಅವರು ಪ್ರತಿ ಸಲ ಬೇಜಾರಾಗ್ತಾರೆ.

ದೇಸಿ ಬದುಕು:
ಪುಡಿಗಳ ವಿಷಯದಲ್ಲಾದರೂ ನನ್ನ ಮಾತು ಒಪ್ಪುತ್ತೀರಾ? ಒಂದು ಮೇಳದಲ್ಲಿ ಸಾವಯವ ಅಂತ ಬರೆದ ಅರಿಶಿನ ಪುಡಿ ತಂದೆ. ಇಡ್ಲಿ ಬಟ್ಟೆ ಮೇಲೆ ಬಿದ್ದದ್ದು ನಾಲ್ಕು ಸಲ ಒಗೆದು ಬಿಸಿಲಿಗೆ ಹಾಕಿದರೂ ಹೋಗಲಿಲ್ಲ. ನಮ್ಮಮ್ಮನ ಕಾಲದ ಅರಿಶಿನದ ಕಲೆ ಬಿಸಿಲಿಗೆ ಮಾಯವಾಗುತ್ತಿತ್ತು.

ಲ್ಯಾಬ್ ಕೋಟು:
ಈ ಸಲ ನೂರಕ್ಕೆ ನೂರು ಒಪ್ಪಿದೆ ಸರ್. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಮಾಸದಿದ್ದರೆ ಅನುಮಾನ ಪಡಬೇಕಾದದ್ದೇ. ಒಂದು ಲೋಟ ನೀರಿಗೆ ಅರ್ಧ ಚಮಚ ಪುಡಿ ಹಾಕಿ ಕದಡದೆ ಬಿಡಿ. ಒಳ್ಳೆ ಅರಿಶಿನ ತಳಕ್ಕೆ ಇಳಿಯುತ್ತದೆ, ನೀರು ತಿಳಿಹಳದಿ. ಬಣ್ಣ ಬೆರೆಸಿದ್ದಾದರೆ ನೀರು ಗಾಢ ಹಳದಿ. ಆದರೆ ಇದರಲ್ಲಿ ಎಲ್ಲ ಮೋಸವೂ ಸಿಗುವುದಿಲ್ಲ. ಅರಿಶಿನ ಕೊಂಬಿಗೆ ಹೊಳಪು ಬರಲಿ ಅಂತ ಸೀಸದ ಕ್ರೋಮೇಟ್ ಅನ್ನುವ ವಿಷದ ಹಳದಿ ಬಣ್ಣ ಬಳಿಯುತ್ತಿದ್ದದ್ದನ್ನು 2019ರಲ್ಲಿ ಬಾಂಗ್ಲಾದೇಶದಲ್ಲಿ ಸಂಶೋಧಕರು ಬಯಲಿಗೆ ತಂದರು. ಅದು ಮನೆಯ ಲೋಟದಲ್ಲಿ ಕಾಣುವಂಥದ್ದಲ್ಲ. ಅದಕ್ಕೇ ನನ್ನ ಸಲಹೆ, ತೀರಾ ಹೊಳೆಯುವ ಕೊಂಬು ಬೇಡ. ಮಂಕಾದ, ಮಣ್ಣಿನ ಬಣ್ಣದ ಕೊಂಬು ಚಾಮರಾಜನಗರ, ಈರೋಡು ಕಡೆಯದ್ದು ಸಿಕ್ಕರೆ ತಂದು, ಕುಟ್ಟಿ ಚೂರು ಮಾಡಿ, ಮಿಲ್ಲಿಗೆ ಕೊಡಿ. ಮಿಕ್ಸಿಗೆ ಹಾಕಬೇಡಿ, ಬ್ಲೇಡ್ ಹೋಗುತ್ತದೆ.

2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಾಪುರದವರು ನಮ್ಮ ದೇಶದ ಕೆಲವು ಮಸಾಲೆ ಪುಡಿಗಳನ್ನು ಎಥಿಲಿನ್ ಆಕ್ಸೈಡ್ ಕಾರಣಕ್ಕೆ ತಡೆದದ್ದು ನೆನಪಿರಬಹುದು. ಅದನ್ನು ಬಳಸೋದು ಮಸಾಲೆಯಲ್ಲಿರುವ ಸೂಕ್ಷ್ಮಜೀವಿ ಕೊಲ್ಲಲು. ಇಡಿ ಮಸಾಲೆಗೂ ಬಳಸಬಹುದು. ಆದ್ದರಿಂದ ಇಡಿಯಾಗಿ ತಂದರೆ ಎಲ್ಲ ಅಪಾಯವೂ ತಪ್ಪಿತು ಅಂತ ನಾನು ಹೇಳುವುದಿಲ್ಲ. ಇಟ್ಟಿಗೆ ಪುಡಿ, ಬಣ್ಣ, ಹಿಟ್ಟು ಬೆರೆಸೋದು ಮಾತ್ರ ಕಷ್ಟವಾಗುತ್ತದೆ.

ಒಗ್ಗರಣೆ ಡಬ್ಬಿ:
ಹಿಟ್ಟು ಅಂದಾಗ ಇಂಗು ನೆನಪಾಯಿತು. ಇಂಗಿನ ಡಬ್ಬಿ ಹಿಂದೆ ಓದಿ. ಗೋಧಿ ಹಿಟ್ಟು ಇಲ್ಲ ಅಕ್ಕಿ ಹಿಟ್ಟು, ಅಂಟು, ಆಮೇಲೆ ಇಂಗು. ಇದು ಕಲಬೆರಕೆ ಅಲ್ಲ, ಮಾಡೋದೇ ಹಾಗೆ. ಬರೀ ಇಂಗು ಅಷ್ಟು ಘಾಟು, ಬಳಸೋದಕ್ಕೇ ಆಗಲ್ಲ. ಗೋಧಿ ಆಗದವರು ಮಾತ್ರ ಅಕ್ಕಿ ಹಿಟ್ಟಿನದ್ದು ಹುಡುಕಬೇಕು. ಇಂಗು ಇನ್ನೂ ಅಫ್ಘಾನಿಸ್ತಾನ, ಇರಾನ್ ಕಡೆಯಿಂದಲೇ ಬರೋದು. 2020ರಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ನೆಟ್ಟಿದ್ದಾರೆ. ನಮ್ಮ ತಿಳಿಸಾರಿಗೆ ಅದು ಬರುವ ದಿನ ನೋಡೋಣ.

ಡಬ್ಬಿಗಳನ್ನು ಒಲೆ ಮೇಲಿನ ಶೆಲ್ಫಲ್ಲಿ ಇಡಬೇಡಿ, ಶಾಖ, ಹಬೆ ಎರಡೂ ತಾಗುತ್ತೆ. ಕುದಿಯುವ ಪಾತ್ರೆ ಮೇಲೆ ಡಬ್ಬಿ ಬಗ್ಗಿಸಿ ಪುಡಿ ಉದುರಿಸಬೇಡಿ. ಒದ್ದೆ ಚಮಚ ಬೇಡ.

ಮೂರನೇ ಮಹಡಿ:
ಹತ್ತು ದಿನ ಆಯಿತು, ಬಂದು ಹೇಳಲು ತಡವಾಯಿತು. ಡಬ್ಬಿ ಹದಿನಾಲ್ಕರಲ್ಲಿ ಒಂಬತ್ತು ತುಂಬಿವೆ. ಅಯೋಡಿನ್ ಇರುವ ಕಲ್ಲುಪ್ಪು ಗಾಜಿನ ಜಾಡಿಯಲ್ಲಿದೆ. ಮಾವಿನಮಿಡಿ ಕಾಲಕ್ಕೆ ಗೋಕರ್ಣಕ್ಕೆ ಹೋದರೆ ಆಗರದ ಉಪ್ಪು ಎರಡು ಕೆಜಿ ತರುವುದು ಅಂತ ನಿಶ್ಚಯ. ಅಣ್ಣ ಹೇಳಿದ ಡಬ್ಬಿ ಮೆಣಸಿನಕಾಯಿ ಇಲ್ಲಿ ಸಿಗಲಿಲ್ಲ, ಕಡ್ಡಿ ಸಿಕ್ಕಿತು. ಮುರಿದು ಮೂಸಿದೆ, ಸಿಹಿ ವಾಸನೆ ಬಂತು. ಅಂಗಡಿಯವರು ವಿಚಿತ್ರವಾಗಿ ನೋಡಿದರು. ಸಾರಿನ ಪುಡಿ ಹಾಸನದ್ದು, ಪಲ್ಯಕ್ಕೆ ಮಸಾಲೆ ಖಾರ, ಅಂತ ಒಪ್ಪಂದ ಆಗಿದೆ.

ಒಂದು ಸಮಸ್ಯೆ ಉಳಿದಿದೆ. ಸಾಲ ತಂದ ಉಪ್ಪನ್ನು ವಾಪಸ್ ಕೊಡಲು ನಿನ್ನೆ ಹೋದೆ. ಆಂಟಿ ತಗೊಳ್ಳಲಿಲ್ಲ. ಶುಕ್ರವಾರ ಉಪ್ಪು ಮನೆಯಿಂದ ಹೊರಗೆ ಹೋಗಬಾರದಂತೆ, ಅದು ಲಕ್ಷ್ಮಿಯಂತೆ. ಇವತ್ತು ಕೊಡಬಹುದಾ?

ಒಗ್ಗರಣೆ ಡಬ್ಬಿ:
ಇವತ್ತು ಶನಿವಾರ. ಉಪ್ಪು, ಎಣ್ಣೆ, ಕಬ್ಬಿಣ ಮನೆಗೆ ತರಬಾರದು ಅಂತ ಅವರು ಬಾಗಿಲಲ್ಲೇ ನಿಲ್ಲಿಸುತ್ತಾರೆ. ನಾಳೆ ಬೆಳಿಗ್ಗೆ ಕೊಡಿ. ಲೋಟ ತುಂಬ ಕೊಡಿ, ತಲೆ ತಟ್ಟಬೇಡಿ.